2000 ಪಟ್ಟಿನ ಸೂಕ್ಷ್ಮದರ್ಶಕ ದಾನ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಕಾರವಾರ, ಅಂಕೋಲಾ, ಕುಮಟಾ ಕಡೆಯ ಪ್ರೌಢಶಾಲೆ, ಪಿಯು ಕಾಲೇಜುಗಳಿಗೆ ಹಳೆ ವಿದ್ಯಾರ್ಥಿಗಳು, ಊರಿನ ದಾನಿಗಳು ಸೂಕ್ಷ್ಮದರ್ಶಕ ಕೊಡಿಸುತ್ತಿರುವುದು ಸಂತೋಷದ ವಿಷಯ. ಆದರೆ ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ’ ಎಂದು. ಅಂಗಡಿಯವರೂ ಜಾಣರು, ‘2000 ಎಕ್ಸ್’ ಎಂದು ದಪ್ಪ ಅಕ್ಷರದಲ್ಲಿ ಬರೆದ ಪೆಟ್ಟಿಗೆಯನ್ನೇ ಮುಂದಿಡುತ್ತಾರೆ. ಆ ಸಂಖ್ಯೆಯಿಂದ ಮಕ್ಕಳಿಗೆ ಏನೂ ಸಿಗುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಉಪಕರಣ ಬೂಸಲು ಹಿಡಿದು ಕಪಾಟಿನ ಮೂಲೆ ಸೇರುತ್ತದೆ. ಪ್ರಯೋಗಾಲಯಗಳನ್ನು ನೋಡಿಕೊಳ್ಳುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿರುವುದು ಕೊಡಿಸುವವರ ಹಣ ನೀರುಪಾಲಾಗದಿರಲಿ ಎಂದು.

2000 ಎಂಬುದು ಹೇಗೆ ಬರುತ್ತದೆ ನೋಡಿ. ವಸ್ತುವಿನ ಹತ್ತಿರ ಇರುವ ಮಸೂರ, ಅಂದರೆ ಆಬ್ಜೆಕ್ಟಿವ್, 100 ಪಟ್ಟು. ಕಣ್ಣಿನ ಹತ್ತಿರ ಇರುವ ಐಪೀಸ್ 20 ಪಟ್ಟು. ಎರಡನ್ನೂ ಗುಣಿಸಿದರೆ 2000. 10 ಪಟ್ಟಿನ ಐಪೀಸ್ ತೆಗೆದು 20 ಪಟ್ಟಿನದು ಹಾಕಲು ಅಂಗಡಿಯವನಿಗೆ ಹೆಚ್ಚು ಖರ್ಚಿಲ್ಲ. ಆದರೆ ಸೂಕ್ಷ್ಮ ವಿವರ ಬರುವುದು ಆಬ್ಜೆಕ್ಟಿವ್‌ನಿಂದ ಮಾತ್ರ. ಅದು ಹಿಡಿಯದ ವಿವರವನ್ನು ಐಪೀಸ್ ಹೊಸದಾಗಿ ಹುಟ್ಟಿಸಲಾರದು. ಇದೇ ಪತ್ರಿಕೆಯಲ್ಲಿ ಅಚ್ಚಾದ ಒಂದು ಫೋಟೋವನ್ನು ಭೂತಗನ್ನಡಿಯಡಿ ಹಿಡಿದರೆ ಶಾಯಿಯ ಚುಕ್ಕಿಗಳು ದೊಡ್ಡದಾಗುತ್ತವೆಯೇ ಹೊರತು ಮುಖ ಸ್ಪಷ್ಟವಾಗುವುದಿಲ್ಲವಲ್ಲ, ಹಾಗೆ.

ಕೇಳಬೇಕಾದ ಸಂಖ್ಯೆ ಬೇರೆ. ಅದರ ಹೆಸರು ನ್ಯೂಮರಿಕಲ್ ಅಪರ್ಚರ್, ಚುಟುಕಾಗಿ ಎನ್.ಎ. ವಸ್ತುವಿನಿಂದ ಹೊರಟ ಬೆಳಕನ್ನು ಎಷ್ಟು ಅಗಲವಾದ ಕೋನದವರೆಗೆ ಮಸೂರ ಒಳಗೆ ತೆಗೆದುಕೊಳ್ಳುತ್ತದೆ ಎಂಬುದರ ಅಳತೆ ಇದು. ಎರಡು ಚುಕ್ಕಿಗಳು ಎಷ್ಟು ಹತ್ತಿರ ಬರುವವರೆಗೆ ಬೇರೆಬೇರೆಯಾಗಿ ಕಾಣುತ್ತವೆ ಎಂಬುದನ್ನು ಬೆಳಕಿನ ತರಂಗಾಂತರ ಮತ್ತು ಈ ಕೋನ ಸೇರಿ ನಿರ್ಧರಿಸುತ್ತವೆ ಎಂದು ಜರ್ಮನಿಯ ಅರ್ನ್ಸ್ಟ್ ಆಬೆ 1873ರಲ್ಲೇ ತೋರಿಸಿಕೊಟ್ಟ. ಲೆಕ್ಕ ಸರಳ: ತರಂಗಾಂತರವನ್ನು 0.61ರಿಂದ ಗುಣಿಸಿ, ಎನ್.ಎ.ಯಿಂದ ಭಾಗಿಸಿ. ಹಸಿರು ಬೆಳಕಿಗೆ 0.55 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಹಿಡಿದರೆ, ಎನ್.ಎ. 0.25 ಇರುವ 10ಎಕ್ಸ್ ಆಬ್ಜೆಕ್ಟಿವ್ ಸುಮಾರು 1.3 ಮೈಕ್ರಾನ್ ಅಂತರವನ್ನು ಬಿಡಿಸಿ ತೋರಿಸುತ್ತದೆ. 0.65 ಇರುವ 40ಎಕ್ಸ್ ಸುಮಾರು ಅರ್ಧ ಮೈಕ್ರಾನ್, 1.25 ಇರುವ 100ಎಕ್ಸ್ 0.27 ಮೈಕ್ರಾನ್. ನಮ್ಮ ಕೆಂಪು ರಕ್ತಕಣದ ಅಡ್ಡಳತೆ 7 ಮೈಕ್ರಾನ್ ಆಸುಪಾಸು ಎಂದು ನೆನಪಿಟ್ಟರೆ ಅಂದಾಜು ಸಿಗುತ್ತದೆ. ಒಟ್ಟು ವರ್ಧನೆ ಎನ್.ಎ.ಯ 500ರಿಂದ 1000 ಪಟ್ಟಿನೊಳಗಿದ್ದರೆ ಉಪಯೋಗ. ಹಾಗಾಗಿ ವಿದ್ಯಾರ್ಥಿಗಳ ಅತ್ಯುತ್ತಮ ಸೂಕ್ಷ್ಮದರ್ಶಕಕ್ಕೂ 1250 ಪಟ್ಟೇ ಕೊನೆ. ಅದರಾಚೆ ಬರುವುದು ಬರಿಯ ಮಬ್ಬು.

ಆಬ್ಜೆಕ್ಟಿವ್‌ನ ಮೈಮೇಲೆ ಎಲ್ಲವೂ ಕೆತ್ತಿರುತ್ತದೆ, ಓದುವವರು ಕಡಿಮೆ. ‘40/0.65’ ಎಂದರೆ ವರ್ಧನೆ ಮತ್ತು ಎನ್.ಎ. ಅದರ ಕೆಳಗೆ ‘160/0.17’ ಎಂದಿದ್ದರೆ, ಕೊಳವೆಯ ಉದ್ದ 160 ಮಿ.ಮೀ., ಸ್ಲೈಡಿನ ಮೇಲೆ ಮುಚ್ಚುವ ತೆಳುಗಾಜಿನ, ಅಂದರೆ ಕವರ್ ಸ್ಲಿಪ್‌ನ, ದಪ್ಪ 0.17 ಮಿ.ಮೀ. ಇದ್ದಾಗ ಈ ಮಸೂರ ಸರಿಯಾಗಿ ಕೆಲಸ ಮಾಡುತ್ತದೆ ಎಂದರ್ಥ. 160ರ ಜಾಗದಲ್ಲಿ ಮಲಗಿದ ಎಂಟರಂಥ ಅನಂತದ ಗುರುತಿದ್ದರೆ ಅದು ಬೇರೆ ಜಾತಿ. ಒಂದರದ್ದನ್ನು ಇನ್ನೊಂದರ ಮೈಗೆ ತಿರುಚಿ ಕೂರಿಸಬಾರದು. ತಿರುಪಿನ ಎಳೆ ಹೊಂದಿಕೊಂಡರೂ ಬಿಂಬ ಹೊಂದುವುದಿಲ್ಲ. ಎನ್.ಎ. ಕೆತ್ತಿಯೇ ಇಲ್ಲದ ಆಬ್ಜೆಕ್ಟಿವ್ ಆದರೆ ಮಾತೇ ಬೇಡ, ವಾಪಸ್ ಕೊಡಿ.

ಕವರ್ ಸ್ಲಿಪ್ ವಿಷಯ ಸಣ್ಣದೆಂದು ಕಂಡರೂ ತರಗತಿಯಲ್ಲಿ ‘ನಲವತ್ತರಲ್ಲಿ ಕಾಣ್ತಾ ಇಲ್ಲ ಸರ್’ ಎಂಬ ದೂರು ಹೆಚ್ಚಾಗಿ ಬರುವುದು ಇದರಿಂದಲೇ. ನಮ್ಮ ಹವೆಗೆ ಹೊಸ ಡಬ್ಬಿಯಲ್ಲಿಯೂ ಕವರ್ ಸ್ಲಿಪ್‌ಗಳು ಎರಡೆರಡು ಅಂಟಿಕೊಂಡಿರುತ್ತವೆ. ಎರಡು ಸೇರಿದರೆ ದಪ್ಪ 0.3 ಮಿ.ಮೀ. ಮೀರುತ್ತದೆ. 10ಎಕ್ಸ್ ಅದನ್ನು ಸಹಿಸಿಕೊಳ್ಳುತ್ತದೆ, 40ಎಕ್ಸ್‌ನಲ್ಲಿ ಬಿಂಬ ಹಾಲು ಚೆಲ್ಲಿದ ಹಾಗಾಗುತ್ತದೆ. ಕವರ್ ಸ್ಲಿಪ್ಪನ್ನೇ ಹಾಕದಿದ್ದರೂ ಇದೇ ಗತಿ. ಕೊಳ್ಳುವಾಗ ‘ನಂಬರ್ 1’ ಅಥವಾ ‘1.5’ ಎಂದು ಕೇಳಿ; ಮೊದಲನೆಯದು 0.13ರಿಂದ 0.16, ಎರಡನೆಯದು 0.16ರಿಂದ 0.19 ಮಿ.ಮೀ. ದಪ್ಪ. ಇನ್ನು ಸ್ಲೈಡನ್ನು ತಲೆಕೆಳಗಾಗಿ ಇಟ್ಟರೆ 4, 10ರಲ್ಲಿ ಕಾಣುತ್ತದೆ, 40ರಲ್ಲಿ ಏನು ಮಾಡಿದರೂ ಫೋಕಸ್ ಸಿಗುವುದಿಲ್ಲ. ಏಕೆಂದರೆ ಸಾಮಾನ್ಯ 40ಎಕ್ಸ್‌ನ ತುದಿಗೂ ವಸ್ತುವಿಗೂ ನಡುವೆ ಇರುವ ಜಾಗ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು, ಸ್ಲೈಡಿನ ಗಾಜು ಒಂದು ಮಿ.ಮೀ.ಗಿಂತ ದಪ್ಪ. ಹುಡುಗರು ತಿರುಗಿಸುತ್ತಾ ಹೋಗಿ ಗಾಜು ಚಟ್ ಎನ್ನಿಸುತ್ತಾರೆ.

100ಎಕ್ಸ್‌ಗೆ ಎಣ್ಣೆ ಯಾಕೆ ಎಂಬುದಕ್ಕೆ ಉತ್ತರವೂ ಎನ್.ಎ.ಯಲ್ಲೇ ಇದೆ. ಗಾಜಿನಿಂದ ಗಾಳಿಗೆ ಬರುವ ಓರೆ ಕಿರಣಗಳು ಬಾಗಿ ಮಸೂರದ ಆಚೆಗೆ ಹೋಗಿಬಿಡುತ್ತವೆ, ಗಾಳಿಯಲ್ಲಿ ಎನ್.ಎ. 1 ದಾಟುವುದಿಲ್ಲ. ಗಾಜಿನಷ್ಟೇ ಬೆಳಕನ್ನು ಬಾಗಿಸುವ, ಅಂದರೆ ವಕ್ರೀಭವನಾಂಕ 1.515 ಇರುವ ಎಣ್ಣೆಯನ್ನು ನಡುವೆ ತುಂಬಿದರೆ ಕಿರಣ ನೇರವಾಗಿ ಒಳಗೆ ಬರುತ್ತದೆ. ಎಣ್ಣೆ ಹಾಕದೆ 100ಎಕ್ಸ್ ನೋಡುವುದಕ್ಕಿಂತ ಎಣ್ಣೆಯಿಲ್ಲದ 40ಎಕ್ಸ್ ಮೇಲು. ಇಮ್ಮರ್ಶನ್ ಆಯಿಲ್ ಮುಗಿದಾಗ ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಅದರ ವಕ್ರೀಭವನಾಂಕ 1.45ರ ಹತ್ತಿರ, ಬಿಂಬ ಒರಟಾಗುತ್ತದೆ. ಒರೆಸದೆ ಬಿಟ್ಟರೆ ಕಮಟು ಹಿಡಿದು ಅಂಟಾಗುತ್ತದೆ, ತಂಪು ಬೆಳಗಿನಲ್ಲಿ ಹೆಪ್ಪುಗಟ್ಟುವುದೂ ಉಂಟು. ಹಳೆಯ ದೇವದಾರು ಎಣ್ಣೆ ಬಿಂಬಕ್ಕೆ ಒಳ್ಳೆಯದು, ಆದರೆ ಒಣಗಿದರೆ ಅರಗಿನ ಹಾಗೆ ಕೂತುಬಿಡುತ್ತದೆ. ಮಲೇರಿಯಾ ಸ್ಲೈಡ್ ನೋಡುವವರಿಗೆ ಇದು ಸಣ್ಣ ವಿಷಯವಲ್ಲ. ದಪ್ಪ ಲೇಪದಲ್ಲಿ 100 ದೃಶ್ಯಕ್ಷೇತ್ರಗಳನ್ನಾದರೂ ಎಣ್ಣೆಯಡಿ ನೋಡಿದ ಮೇಲೆಯೇ ‘ಇಲ್ಲ’ ಎನ್ನಬೇಕು ಎಂಬ ನಿಯಮ, ಒಂದೆರಡು ಮೈಕ್ರಾನಿನ ಉಂಗುರವನ್ನು ಬಿಡಿಸಿ ತೋರಿಸಬಲ್ಲ ಮಸೂರವಿದ್ದರೆ ಮಾತ್ರ ಅರ್ಥಪೂರ್ಣ.

ಎಣ್ಣೆಯಿಂದಾಗುವ ದೊಡ್ಡ ಅನಾಹುತ ಬೇರೆಯೇ. 100ರಲ್ಲಿ ನೋಡಿ ಮುಗಿಸಿ ಆಬ್ಜೆಕ್ಟಿವ್‌ಗಳನ್ನು ಹೊತ್ತ ಮೂಗುತಿರುಗಣೆಯನ್ನು (ನೋಸ್‌ಪೀಸ್) ಹಿಂದಕ್ಕೆ ತಿರುಗಿಸುವಾಗ 40ಎಕ್ಸ್ ಅದೇ ಎಣ್ಣೆಯೊಳಗೆ ತೇಯ್ದುಕೊಂಡು ಹೋಗುತ್ತದೆ. 40ಎಕ್ಸ್ ಒಣ ಮಸೂರ. ಮಾರನೆ ದಿನದಿಂದ ‘ನಲವತ್ತು ಹಾಳಾಗಿದೆ’ ಎಂದು ಬರೆದಿಡುತ್ತಾರೆ. ಮುಕ್ಕಾಲು ಪಾಲು ಹಾಳಾಗಿರುವುದಿಲ್ಲ, ಕೊಳೆಯಾಗಿರುತ್ತದೆ ಅಷ್ಟೇ. ಐಪೀಸನ್ನು ಹೊರಗೆ ತೆಗೆದು ತಲೆಕೆಳಗಾಗಿ ಹಿಡಿದರೆ ಒಳ್ಳೆಯ ಭೂತಗನ್ನಡಿ. ಅದರಿಂದ ಆಬ್ಜೆಕ್ಟಿವ್‌ನ ತುದಿಯನ್ನು ನೋಡಿ, ಎಣ್ಣೆಯ ಪೊರೆ ಕಾಣುತ್ತದೆ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ ಧೂಳು ಹಾರಿಸಿ. ಆಮೇಲೆ ಲೆನ್ಸ್ ಪೇಪರಿನ ತುದಿಗೆ 7 ಪಾಲು ಈಥರ್, 3 ಪಾಲು ಆಲ್ಕೋಹಾಲ್ ಮಿಶ್ರಣದ ಒಂದೇ ಹನಿ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿ. ಹತ್ತಿರದಲ್ಲಿ ಬೆಂಕಿ ಇರಬಾರದು, ಕಿಟಕಿ ತೆರೆದಿರಲಿ. ಮಸೂರವನ್ನು ದ್ರವದಲ್ಲಿ ಅದ್ದಬೇಡಿ, ಒಳಗಿನ ಅಂಟು ಬಿಡುತ್ತದೆ. ಅಸಿಟೋನ್ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಅಂಗಿಯ ತುದಿ, ಲುಂಗಿಯ ತುದಿ ಎರಡೂ ನಿಷಿದ್ಧ.

ಬೆಳಕಿನ ಕಡೆ ಯಾರೂ ಗಮನ ಕೊಡುವುದಿಲ್ಲ. ಸ್ಲೈಡ್ ಇಡುವ ಸ್ಟೇಜಿನಡಿಯ ಕಂಡೆನ್ಸರ್ (ಬೆಳಕನ್ನು ಒಟ್ಟುಗೂಡಿಸುವ ಮಸೂರ) ಮತ್ತು ಐರಿಸ್ (ಕಿರಿದು ಹಿರಿದು ಮಾಡಬಹುದಾದ ಕಿಂಡಿ) ಇರುವುದು ಪ್ರಕಾಶ ಹೆಚ್ಚು ಕಡಿಮೆ ಮಾಡಲಿಕ್ಕಲ್ಲ; ಬೆಳಕಿನ ಶಂಕುವಿನ ಅಗಲ ಹೊಂದಿಸಲಿಕ್ಕೆ. ಕ್ರಮ ಹೀಗೆ: 10ಎಕ್ಸ್‌ನಲ್ಲಿ ಫೋಕಸ್ ಮಾಡಿ, ಕಂಡೆನ್ಸರನ್ನು ಮೇಲಿನ ತುದಿಯವರೆಗೆ ಏರಿಸಿ ಕೂದಲೆಳೆಯಷ್ಟು ಇಳಿಸಿ. ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿ. ಒಂದು ಬೆಳಕಿನ ಬಿಲ್ಲೆ ಕಾಣುತ್ತದೆ. ಐರಿಸ್ ಮುಚ್ಚುತ್ತಾ ಬಂದು ಆ ಬಿಲ್ಲೆಯ ಅಗಲ ಮುಕ್ಕಾಲಕ್ಕೆ ಇಳಿದಲ್ಲಿ ನಿಲ್ಲಿಸಿ, ಐಪೀಸ್ ಹಾಕಿ. ಆಬ್ಜೆಕ್ಟಿವ್ ಬದಲಿಸಿದಾಗಲೆಲ್ಲ ಹೀಗೆ ಹೊಂದಿಸಬೇಕು. ಪೂರ್ತಿ ತೆರೆದರೆ ಬಿಂಬ ಬಿಳಚಿಕೊಳ್ಳುತ್ತದೆ. ಪೂರ್ತಿ ಮುಚ್ಚಿದರೆ ಪ್ರತಿ ಅಂಚಿಗೂ ಕರಿಗೆರೆ ಬಂದು, ಇಲ್ಲದ ಪೊರೆಗಳು ಇದ್ದಂತೆ ಕಾಣುತ್ತವೆ, ಮಕ್ಕಳು ಅದನ್ನೇ ಚಿತ್ರ ಬಿಡಿಸಿ ಅಂಕವನ್ನೂ ಪಡೆಯುತ್ತಾರೆ! ಕನ್ನಡಿ ಇರುವ ಮಾದರಿಯಾದರೆ ಕಂಡೆನ್ಸರ್ ಇದ್ದಾಗ ಚಪ್ಪಟೆ ಮುಖ, ಇಲ್ಲದಾಗ ನಿಮ್ನ ಮುಖ. ಬಿಸಿಲನ್ನು ನೇರ ಕನ್ನಡಿಗೆ ಹಿಡಿಯಲೇಬಾರದು, ಕಣ್ಣು ಹೋಗುತ್ತದೆ. ಜೂನ್-ಜುಲೈನಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಊರುಗಳಿಗೆ ಕನ್ನಡಿಯ ಮಾದರಿ ಅಥವಾ ಚಾರ್ಜ್ ಆಗುವ ಎಲ್‌ಇಡಿ ಮಾದರಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಇಷ್ಟೂ ಹೇಳಿದ್ದು ಸಂಯುಕ್ತ ಸೂಕ್ಷ್ಮದರ್ಶಕದ ಬಗ್ಗೆ. ಆದರೆ ನಮ್ಮ ಜಿಲ್ಲೆಯ ಶಾಲೆಗಳಿಗೆ ಹೆಚ್ಚು ಉಪಯೋಗವಾಗುವುದು ಸ್ಟೀರಿಯೋ ಸೂಕ್ಷ್ಮದರ್ಶಕ, ಅದನ್ನು ಯಾರೂ ಕೊಡಿಸುವುದೇ ಇಲ್ಲ. ಸಂಖ್ಯೆ ಸಣ್ಣದಲ್ಲವೇ, 10ರಿಂದ 40 ಪಟ್ಟು! ಎರಡು ಕಣ್ಣಿಗೆ ಎರಡು ಬೇರೆ ದಾರಿಯಿಂದ ಬೆಳಕು ಬರುವುದರಿಂದ ಆಳ ತಿಳಿಯುತ್ತದೆ, ಬಿಂಬ ತಲೆಕೆಳಗಾಗುವುದಿಲ್ಲ, ಮಸೂರದ ಕೆಳಗೆ ಕೈಯಾಡಿಸಲು ಹತ್ತಾರು ಮಿ.ಮೀ. ಜಾಗ ಇರುತ್ತದೆ. ಸಿಗಡಿ ಮರಿಯ ಕಾಲು, ಮೀನಿನ ಹುರುಪೆಯ ವಲಯ, ಅಡಿಕೆ ಹಿಂಗಾರದ ಕೀಟ, ಹೂವಿನ ಅಂಡಾಶಯ ಎಲ್ಲಕ್ಕೂ ಸ್ಲೈಡ್ ಮಾಡುವ ತಾಪತ್ರಯವಿಲ್ಲ. ನಮ್ಮ ತೀರದಲ್ಲಿ ರಾತ್ರಿ ಅಲೆ ನೀಲಿಯಾಗಿ ಮಿನುಗಿದಾಗ ಜನ ಮೊಬೈಲ್ ಹಿಡಿದು ಓಡುತ್ತಾರಲ್ಲ, ಅದಕ್ಕೆ ಕಾರಣವಾಗುವ ನಾಕ್ಟಿಲ್ಯೂಕಾ ಒಂದೇ ಕೋಶದ ಜೀವಿಯಾದರೂ 0.2ರಿಂದ 2 ಮಿ.ಮೀ. ಅಗಲ. ಒಂದು ಲೋಟ ನೀರಿನಲ್ಲಿ ತಂದರೆ 20 ಪಟ್ಟಿನಲ್ಲೇ ಪಾರದರ್ಶಕ ಗುಳ್ಳೆ, ಅದರ ಸೊಂಡಿಲು ಕಾಣುತ್ತವೆ.

ಸಿದ್ದಾಪುರ ಕಡೆಯ ಮಂಗನ ಕಾಯಿಲೆಯ ಉದಾಹರಣೆ ತೆಗೆದುಕೊಂಡರೆ ಯಾವ ಉಪಕರಣ ಎಲ್ಲಿಗೆ ಎಂಬುದು ಸ್ಪಷ್ಟವಾಗುತ್ತದೆ. ರೋಗ ಹರಡುವ ಉಣುಗನ್ನು ಗುರುತಿಸಲು ಸ್ಟೀರಿಯೋ ಸಾಕು. ಮೇಲಿನಿಂದ ಬೆಳಕು ಬಿಟ್ಟು 40 ಪಟ್ಟಿನಲ್ಲಿ ನೋಡಿದರೆ ಮರಿಗೆ ಆರು ಕಾಲು, ಅದರ ಮುಂದಿನ ನಿಂಫ್ ಹಂತಕ್ಕೆ ಎಂಟು ಕಾಲು ಎಣಿಸಬಹುದು. ವೈರಸ್ ಮಾತ್ರ ಸುಮಾರು 50 ನ್ಯಾನೋಮೀಟರ್, ಅಂದರೆ 0.05 ಮೈಕ್ರಾನ್. 0.27 ಮೈಕ್ರಾನ್ ಮಿತಿಯಿರುವ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಅದು ಐದರಲ್ಲೊಂದು ಪಾಲು, ಎಷ್ಟೇ ಖರ್ಚು ಮಾಡಿದರೂ ಕಾಣುವುದಿಲ್ಲ. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. 1931ರಲ್ಲಿ ಜರ್ಮನಿಯ ರುಸ್ಕಾ ಮತ್ತು ನೋಲ್ ಕಟ್ಟಿದ ಈ ಯಂತ್ರದಲ್ಲಿ ಗಾಜಿನ ಬದಲು ಕಾಂತೀಯ ಸುರುಳಿಗಳು ಎಲೆಕ್ಟ್ರಾನ್ ಕಿರಣವನ್ನು ಬಾಗಿಸುತ್ತವೆ. ಒಂದು ಲಕ್ಷ ವೋಲ್ಟಿನಲ್ಲಿ ಆ ಕಿರಣದ ತರಂಗಾಂತರ 0.004 ನ್ಯಾನೋಮೀಟರಿಗೂ ಕಡಿಮೆ. ಒಳಗೆ ನಿರ್ವಾತ, ಆದ್ದರಿಂದ ಸಾಮಾನ್ಯವಾಗಿ ಜೀವಂತ ಮಾದರಿ ಇಡಲಾಗದು. ಶಾಲೆಗೆ ಸಂಬಂಧಪಟ್ಟ ವಸ್ತುವಲ್ಲ, ಮುಂದೆ ಹೋಗೋಣ. ಒಂದು ಮಾತು: ಕಾಯಿಲೆ ಇರುವ ಕಾಡಿನಿಂದ ಉಣುಗು ಹೆಕ್ಕಿ ತರಲು ಮಕ್ಕಳಿಗೆ ಯಾರೂ ಹೇಳಬಾರದು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳ ಅಡಿಕೆ ಕೊಳೆರೋಗ ಸಂಯುಕ್ತ ಸೂಕ್ಷ್ಮದರ್ಶಕಕ್ಕೆ ಹೇಳಿ ಮಾಡಿಸಿದ ಪಾಠ. ಬಿದ್ದ ಕಾಯಿಯ ಮೇಲೆ ಬಿಳಿ ಬೂಸಲು ಹೊಸದಾಗಿರುವಾಗಲೇ ಸೂಜಿಯ ಮೊನೆಯಲ್ಲಿ ಚೂರು ತೆಗೆದು, ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಎಂಬ ನೀಲಿ ಬಣ್ಣದ ಒಂದು ಹನಿಯಲ್ಲಿ ಬಿಡಿಸಿಡಿ. ಕವರ್ ಸ್ಲಿಪ್ಪಿನ ಒಂದು ಅಂಚು ಮೊದಲು ತಾಗಿಸಿ ಓರೆಯಾಗಿ ಇಳಿಸಬೇಕು, ಇಲ್ಲವಾದರೆ ಗಾಳಿಗುಳ್ಳೆ. ದಪ್ಪ ಕರಿ ಅಂಚಿನ ಪರಿಪೂರ್ಣ ವೃತ್ತ ಕಂಡರೆ ಅದು ಗುಳ್ಳೆಯೇ. 10ಎಕ್ಸ್‌ನಲ್ಲಿ ಹುಡುಕಿ, 40ಎಕ್ಸ್‌ಗೆ ಹೋದರೆ ಕೊಳೆರೋಗ ತರುವ ಫೈಟಾಫ್ತೊರಾದ ನಿಂಬೆಯಾಕಾರದ ಬೀಜಕೋಶಗಳು, ತುದಿಯಲ್ಲಿ ಸಣ್ಣ ಉಬ್ಬು. ಎಳೆಗಳಲ್ಲಿ ಅಡ್ಡಗೋಡೆ ಇರುವುದಿಲ್ಲ. ಅಡ್ಡಗೋಡೆಗಳು ಸಾಲಾಗಿ ಕಂಡರೆ ನೀವು ನೋಡುತ್ತಿರುವುದು ಕೊಳೆತ ಕಾಯಿಗೆ ಆಮೇಲೆ ಬಂದು ಸೇರಿದ ಬೇರೆ ಶಿಲೀಂಧ್ರ. ಬಣ್ಣ ಹಾಕದೆ, ತಣ್ಣನೆಯ ನೀರಿನ ಹನಿಯಲ್ಲಿ ಅರ್ಧ ಗಂಟೆ ಬಿಟ್ಟು ನೋಡಿದರೆ ಬೀಜಕೋಶ ಒಡೆದು ಈಜುವ ಚರಬೀಜಕಗಳು ಹೊರಬರುವುದು ಕಾಣಸಿಗಬಹುದು. ಮಳೆ ಹನಿಯಿಂದ ರೋಗ ಗೊನೆಯಿಂದ ಗೊನೆಗೆ ಹಾರುವುದು ಹೇಗೆ, ಬೋರ್ಡೊ ದ್ರಾವಣ ಮಳೆಗೆ ಮೊದಲೇ ಏಕೆ ಬೀಳಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಡ. ಅಡಿಕೆಯ ಹಳದಿ ಎಲೆ ರೋಗಕ್ಕೆ ಈ ದಾರಿಯಿಲ್ಲ. ಅದನ್ನು ತರುವ ಫೈಟೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸಿಗುವುದಿಲ್ಲ.

ಬಣ್ಣವಿಲ್ಲದ ಜೀವಿಗಳನ್ನು ನೋಡಲು ಕಪ್ಪು ಹಿನ್ನೆಲೆಯ (ಡಾರ್ಕ್ ಫೀಲ್ಡ್) ವಿಧಾನವನ್ನು ಖರ್ಚಿಲ್ಲದೆ ಮಾಡಬಹುದು. ಕಂಡೆನ್ಸರಿನ ಕೆಳಗಿರುವ ಫಿಲ್ಟರ್ ತಟ್ಟೆಯ ನಡುವೆ, ಪಾರದರ್ಶಕ ಹಾಳೆಗೆ ಅಂಟಿಸಿದ ದುಂಡನೆಯ ಕರಿ ಕಾಗದ ಇಟ್ಟು ಐರಿಸ್ ಪೂರ್ತಿ ತೆರೆಯಿರಿ. ಐಪೀಸ್ ತೆಗೆದು ಇಣುಕಿದರೆ ಕೊಳವೆಯೊಳಗಿನ ಬಿಲ್ಲೆ ಪೂರ್ತಿ ಕಪ್ಪಾಗುವಷ್ಟು ಅಗಲ ಕಾಗದಕ್ಕೆ ಇರಬೇಕು. 10ಎಕ್ಸ್‌ನಲ್ಲಿ ಸೊಗಸಾಗಿ ಬರುತ್ತದೆ, 40ರಲ್ಲಿ ಕಷ್ಟ. ಇಲಿಜ್ವರದ ಬ್ಯಾಕ್ಟೀರಿಯಾ ಲೆಪ್ಟೋಸ್ಪೈರಾ 0.1 ಮೈಕ್ರಾನ್ ದಪ್ಪ ಮಾತ್ರ, ಮಿತಿಗಿಂತ ಸಣ್ಣದು. ಆದರೂ ಡಾರ್ಕ್ ಫೀಲ್ಡಿನಲ್ಲಿ ಅದು ಚದುರಿಸಿದ ಬೆಳಕು ಹೊಳೆಯುವ ಎಳೆಯಾಗಿ ಕಾಣುತ್ತದೆ. ಕಾಣುವುದು ಬೇರೆ, ಬಿಡಿಸಿ ಕಾಣುವುದು ಬೇರೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಳೆಗಳೂ ಹಾಗೆಯೇ ಕಾಣುವುದರಿಂದ ರೋಗ ನಿರ್ಧಾರಕ್ಕೆ ಇದನ್ನೊಂದೇ ನಂಬಲಾಗದು. ಬಣ್ಣ ಹಾಕದೆಯೇ ಪಾರದರ್ಶಕ ಜೀವಿಗಳನ್ನು ಎದ್ದು ಕಾಣಿಸುವ ಫೇಸ್ ಕಾಂಟ್ರಾಸ್ಟ್ ವಿಧಾನ ಡಚ್ ವಿಜ್ಞಾನಿ ಜರ್ನಿಕೆಗೆ 1953ರ ನೊಬೆಲ್ ತಂದಿತು. ಸಮುದ್ರಜೀವಿ ವಿಭಾಗಗಳಿಗೆ ಬೇಕು, ಶಾಲೆಗೆ ಬೇಡ. ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕ ಕ್ಷಯದ ಕಫ ಪರೀಕ್ಷೆಯಲ್ಲಿದೆ: ಆರಮಿನ್ ಬಣ್ಣ ಹಿಡಿದ ಬ್ಯಾಸಿಲಸ್ ನೀಲಿ ಬೆಳಕಿಗೆ ಹಳದಿ ಹಸಿರಾಗಿ ಹೊಳೆಯುತ್ತದೆ, ಎಣ್ಣೆಯಿಲ್ಲದೆ ಕಡಿಮೆ ವರ್ಧನೆಯಲ್ಲೇ ಬೇಗ ಸಿಗುತ್ತದೆ.

ಯುಎಸ್‌ಬಿ ತಂತಿಯ ‘1600 ಎಕ್ಸ್’ ಡಿಜಿಟಲ್ ಮಾದರಿಗಳಲ್ಲಿ ಆ ಸಂಖ್ಯೆ ಬರುವುದು ಪರದೆಯ ಗಾತ್ರದಿಂದ. ನಾಣ್ಯ, ಬಟ್ಟೆಯ ನೇಯ್ಗೆ, ಎಲೆಯ ಮೇಲಿನ ಹೇನು ನೋಡಲು ಪರವಾಗಿಲ್ಲ. ಬ್ಯಾಕ್ಟೀರಿಯಾ ತೋರಿಸುತ್ತದೆ ಎಂದರೆ ನಂಬಬೇಡಿ. ಅದಕ್ಕಿಂತ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಅವರ ತಂಡ ಮಾಡಿದ ಕಾಗದದ ಫೋಲ್ಡ್‌ಸ್ಕೋಪ್ ಪ್ರಾಮಾಣಿಕ: 140 ಪಟ್ಟು ಎನ್ನುತ್ತದೆ, ಸುಮಾರು 2 ಮೈಕ್ರಾನ್ ವಿವರ ತೋರಿಸುತ್ತದೆ.

ಇನ್ನು ನಮ್ಮ ಕರಾವಳಿಯ ನಿಜವಾದ ಶತ್ರು. ತೇವಾಂಶ ಶೇ 70 ದಾಟಿದ ಗಾಳಿ ವಾರಗಟ್ಟಲೆ ನಿಂತರೆ ಮಸೂರದ ಮೇಲೆ ಶಿಲೀಂಧ್ರ ಮೊಳೆಯುತ್ತದೆ. ನಮ್ಮಲ್ಲಿ ಮಳೆಗಾಲವಿಡೀ ಅದಕ್ಕಿಂತ ಹೆಚ್ಚೇ. ಬೆರಳಿನ ಜಿಡ್ಡು, ಉಳಿದ ಎಣ್ಣೆ ಅದಕ್ಕೆ ಆಹಾರ. ಜೇಡರ ಬಲೆಯಂಥ ಎಳೆ ಕಂಡಾಗ ಅದು ಬಿಡುವ ಆಮ್ಲ ಲೇಪವನ್ನು ಕೊರೆಯಲು ತೊಡಗಿರುತ್ತದೆ, ತೊಳೆದರೂ ಕಲೆ ಉಳಿಯುತ್ತದೆ. ವಿಚಿತ್ರವೆಂದರೆ ಜೋಪಾನ ಮಾಡುತ್ತೇವೆಂದು ಮಾಡುವ ಕೆಲಸಗಳೇ ಇದನ್ನು ಬೆಳೆಸುತ್ತವೆ: ಬಟ್ಟೆ ಹೊದೆಸಿದ ಮರದ ಪೆಟ್ಟಿಗೆ, ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲ, ಗೋಡೆಗೆ ತಾಗಿದ ಕಬ್ಬಿಣದ ಕಪಾಟು. ಮೂರೂ ತೇವವನ್ನು ಒಳಗೇ ಹಿಡಿದಿಡುತ್ತವೆ.

ಆಬ್ಜೆಕ್ಟಿವ್, ಐಪೀಸ್‌ಗಳನ್ನು ಮೇ ಕೊನೆಗೆ ಬಿಚ್ಚಿ, ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ 200 ಗ್ರಾಂ ಜೊತೆ ಇಡಿ. ಬಿಚ್ಚಿದ ತೂತುಗಳಿಗೆ ಮುಚ್ಚಳ ಹಾಕಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ನೀರು ತುಂಬಿದೆ ಎಂದರ್ಥ. 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಬಳಸಿ. ನೀಲಿಯಿಂದ ಗುಲಾಬಿಯಾಗುವ ಹಳೆಯ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆ ಬಾಣಲೆಯಲ್ಲಿ ಹುರಿಯಬೇಡಿ. ಇಡೀ ಉಪಕರಣವನ್ನು ದಿನವೂ ಬಳಸುವವರು ಮುಚ್ಚಿದ ಕಪಾಟಿನ ಕೆಳಹಲಗೆಯಲ್ಲಿ 25 ವ್ಯಾಟಿನ ಹಳೆ ಮಾದರಿಯ ಬಲ್ಬ್ ಸದಾ ಉರಿಸಿಡುವುದುಂಟು. ಒಳಗಿನ ಗಾಳಿ ತುಸು ಬೆಚ್ಚಗಾದರೆ ಸಾಪೇಕ್ಷ ತೇವಾಂಶ ಇಳಿಯುತ್ತದೆ. ಉಳಿತಾಯವೆಂದು ಎಲ್‌ಇಡಿ ಹಾಕಿದರೆ ಆ ಶಾಖ ಸಿಗುವುದಿಲ್ಲ. ಬಲ್ಬಿಗೂ ಉಪಕರಣದ ಹೊದಿಕೆಗೂ ಒಂದಡಿಯಾದರೂ ಅಂತರವಿರಲಿ. ಬ್ಯಾಟರಿ ಮಾದರಿಯಾದರೆ ರಜೆಗೆ ಮುನ್ನ ಸೆಲ್ ತೆಗೆಯಿರಿ, ಉಪ್ಪುಗಾಳಿಗೆ ತಗಡುಗಳು ಹಸಿರು ಕಿಲುಬು ಹಿಡಿಯುತ್ತವೆ. ಬಿಗಿಯಾದ ತಿರುಪಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡಬೇಡಿ. ಗ್ರೀಸ್ ತೊಳೆದುಹೋಗಿ ಸ್ಟೇಜ್ ತನ್ನಿಂದ ತಾನೇ ಜಾರಲು ಶುರುವಾಗುತ್ತದೆ.

ಹಣ ಕೊಡುವ ಮೊದಲು ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಬಹುದು. ಐಪೀಸ್ ಹಿಡಿದು ತಿರುಗಿಸಿ. ಕಾಣುವ ಕಲೆಯೂ ಜೊತೆಗೆ ತಿರುಗಿದರೆ ಅದು ಐಪೀಸಿನದು, ನಿಂತಲ್ಲೇ ನಿಂತರೆ ಬೇರೆಡೆಯದು. 10ರಲ್ಲಿ ಫೋಕಸ್ ಮಾಡಿ 40ಕ್ಕೆ ತಿರುಗಿಸಿ. ಸಣ್ಣ ತಿರುಪನ್ನು ಒಂದರ್ಧ ಸುತ್ತು ತಿರುಗಿಸುವುದರೊಳಗೆ ಬಿಂಬ ಸಿಗಬೇಕು, ವಸ್ತು ನಡುವಿನಿಂದ ಆಚೆ ಓಡಬಾರದು. ಮೂರನೆಯದಕ್ಕೆ ಒಂದು ಸ್ಲೈಡ್ ಜೊತೆಗೆ ಒಯ್ಯಿರಿ. ಕಾಳಿ ಅಳಿವೆಯಂಥ ಜಾಗದ ಕೆಸರಿನ ಮೇಲ್ಪದರದಲ್ಲಿ ಎಸ್ ಆಕಾರದ ದೋಣಿಯಂತಿರುವ ಪ್ಲೂರೋಸಿಗ್ಮಾ ಡಯಾಟಮ್‌ಗಳು (ಗಾಜಿನಂಥ ಚಿಪ್ಪಿನ ಒಂಟಿಕೋಶದ ಪಾಚಿ) ಇರುತ್ತವೆ. ಈ ಕುಲದ ಪ್ಲೂರೋಸಿಗ್ಮಾ ಆಂಗ್ಯುಲೇಟಮ್‌ನ ಚಿಪ್ಪಿನ ಗೆರೆಗಳ ನಡುವೆ ಸುಮಾರು ಅರ್ಧ ಮೈಕ್ರಾನ್ ಅಂತರ. ಹಿಂದಿನಿಂದಲೂ ಮಸೂರ ಪರೀಕ್ಷೆಗೆ ಬಳಕೆಯಲ್ಲಿದೆ. ತೊಳೆದು ಕವರ್ ಸ್ಲಿಪ್ ಮೇಲೆ ಒಣಗಿಸಿ, ಬೋರಲಾಗಿ ಸ್ಲೈಡಿಗೆ ಹಚ್ಚಿದ್ದಿದ್ದರೆ 0.65 ಎನ್.ಎ.ಯ ನಿಜವಾದ 40ಎಕ್ಸ್ ಆ ಗೆರೆಗಳನ್ನು ತೋರಿಸಬೇಕು. ಚಿಪ್ಪು ಬರಿ ನುಣುಪಾಗಿ ಕಂಡರೆ ಐರಿಸ್ ಹೊಂದಿಸಿ ಇನ್ನೊಮ್ಮೆ ನೋಡಿ, ಆಗಲೂ ಕಾಣದಿದ್ದರೆ ಮುಂದಿನ ಪೀಸ್ ಕೇಳಿ.

ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕಾದದ್ದು ಇಷ್ಟು: ಆಬ್ಜೆಕ್ಟಿವ್ 4/0.10, 10/0.25, 40/0.65, ಪದವಿ ಕಾಲೇಜಿಗಾದರೆ ಮಾತ್ರ 100/1.25 ಆಯಿಲ್; 10 ಪಟ್ಟಿನ ಅಗಲ ಕ್ಷೇತ್ರದ ಐಪೀಸ್; ಏರಿಸಿ ಇಳಿಸಬಹುದಾದ 1.25ರ ಆಬೆ ಕಂಡೆನ್ಸರ್, ಐರಿಸ್ ಸಹಿತ. ಅದೇ ಬಿಲ್ಲಿಗೆ ಲೆನ್ಸ್ ಪೇಪರ್, 100ಎಕ್ಸ್ ಇದ್ದರೆ 25 ಮಿ.ಲೀ. ಇಮ್ಮರ್ಶನ್ ಆಯಿಲ್, ಕವರ್ ಸ್ಲಿಪ್ ಡಬ್ಬಿ ಮತ್ತು ಅರ್ಧ ಕಿಲೋ ಸಿಲಿಕಾ ಜೆಲ್ ಸೇರಿಸಿ. ಎರಡು ಸಂಯುಕ್ತ ಕೊಡಿಸುವ ಯೋಚನೆ ಇದ್ದರೆ ಒಂದನ್ನು ಸ್ಟೀರಿಯೋ ಮಾಡಿ.

— ಪ್ರಯೋಗಾಲಯ ಸಿಬ್ಬಂದಿ ಕೆಲವರು, ಕಾರವಾರ